ಹತ್ತಲು ಮೆಟ್ಟಿಲು, ಇಳಿಯಲು ಲಿಫ್ಟ್

ನನ್ನ ಗಂಡನ ಮುಖಕ್ಕಿಂತ ಬೆನ್ನಿನ ಪರಿಚಯ ನನಗೆ ಹೆಚ್ಚು. ಮದುವೆಯಾದ ಮೂರನೆಯ ದಿನ ಉಡುಪಿಯ ಪೇಟೆಯಲ್ಲಿ ಶುರುವಾದದ್ದು ಅದು. ಇವರು ಹತ್ತು ಹೆಜ್ಜೆ ಮುಂದೆ, ನಾನು ಹಿಂದೆ. ಕುವೈತಿಗೆ ಬಂದ ಮೇಲಾದರೂ ಸುಧಾರಿಸಿದರೇ ಎಂದರೆ ಇಲ್ಲ. ಸಾಲ್ಮಿಯಾದ ಮಾಲುಗಳಲ್ಲಿ, ಮೀನಿನ ಮಾರ್ಕೆಟಿನಲ್ಲಿ, ವಿಮಾನ ನಿಲ್ದಾಣದಲ್ಲಿ, ಎಲ್ಲ ಕಡೆ ನನಗೆ ಸಿಕ್ಕಿದ್ದು ನೀಲಿ ಗೆರೆಯ ಅಂಗಿಯ ಬೆನ್ನು ಮತ್ತು ಅದರ ಮೇಲಿನ ಬೋಳಾಗುತ್ತಾ ಬಂದ ತಲೆ.

"ಎಂತ ಮಾರಾಯ್ರೇ, ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದ್ದಾರಾ?" ಎಂದು ನಾನು ಹಿಂದಿನಿಂದ ಕೂಗುತ್ತಿದ್ದೆ.

"ನಾನು ನಿಧಾನಕ್ಕೇ ಹೋಗ್ತಿದ್ದೇನೆ. ನೀನು ಒಂದೊಂದು ಅಂಗಡಿಯ ಗಾಜನ್ನೂ ಕಣ್ಣಲ್ಲೇ ಒರೆಸ್ಕೊಂಡು ಬರ್ತಿ," ಎನ್ನುತ್ತಿದ್ದರು, ತಿರುಗಿ ಕೂಡ ನೋಡದೆ.

ಎರಡು ವರ್ಷದ ಹಿಂದೆ ಇವರಿಗೆ ಎದೆನೋವು ಬಂತು. ಹೃದಯದ ಒಂದು ನಾಳ ಕಟ್ಟಿಕೊಂಡಿತ್ತು. ಸ್ಟೆಂಟ್ ಹಾಕಿದರು, ನಾಲ್ಕು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಮನೆಗೆ ಕಳಿಸಿದರು. ಮೂರು ತಿಂಗಳ ತಪಾಸಣೆಯಲ್ಲಿ ಡಾಕ್ಟರು, "ಎಲ್ಲ ಸರಿ ಇದೆ. ನಡೆಯಿರಿ, ಮೆಟ್ಟಿಲು ಹತ್ತಿರಿ, ಮೊದಲಿನ ಹಾಗೇ ಇರಿ," ಎಂದರು. ಆದರೆ ಇವರು ಮೊದಲಿನ ಹಾಗೆ ಇರಲಿಲ್ಲ. ನನ್ನ ಹಿಂದೆ ನಡೆಯತೊಡಗಿದರು. ಮಾಲಿನಲ್ಲಿ ತಿರುಗಿ ನೋಡಿದರೆ ಎಲ್ಲೋ ಕಂಬದ ಪಕ್ಕ ನಿಂತಿರುತ್ತಿದ್ದರು. ನಾನು ನಿಂತರೆ ನಿಂತರು, ನಡೆದರೆ ನಡೆದರು. ಇಪ್ಪತ್ತಾರು ವರ್ಷ ಬಾಯಿ ಬಡಿದುಕೊಂಡು ಕೇಳಿದ್ದು ಪುಕ್ಕಟೆ ಸಿಕ್ಕಿತ್ತು, ಆದರೆ ನನಗೆ ಅದನ್ನು ನೋಡಲಿಕ್ಕೇ ಆಗುತ್ತಿರಲಿಲ್ಲ. ಆ ಅವಸರದ ಮನುಷ್ಯನನ್ನು ಯಾರೋ ಆಸ್ಪತ್ರೆಯಲ್ಲೇ ಇಟ್ಟುಕೊಂಡು ಬೇರೆ ಯಾರನ್ನೋ ನನಗೆ ಕೊಟ್ಟು ಕಳಿಸಿದ್ದರು.

ನಾನು ನರ್ಸ್. ಜಾಬ್ರಿಯಾದ ಒಂದು ಕ್ಲಿನಿಕ್ಕಿನಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸ. ರಕ್ತ ಕಂಡರೂ ಹೆದರುವವಳಲ್ಲ, ಮುದೀರನ್ನು ಕಂಡರೂ ಹೆದರುವವಳಲ್ಲ; ಮುದೀರ್ ಎಂದರೆ ನಮ್ಮ ಮ್ಯಾನೇಜರು. ಗಂಡನ ಹೆದರಿಕೆಗೆ ನಾನೇ ಮದ್ದು ಮಾಡುತ್ತೇನೆ ಎಂದು ನಿಶ್ಚಯಿಸಿದೆ. ಬ್ಯಾಗಿನಲ್ಲಿ ಸದಾ ಒಂದು ಪುಟ್ಟ ಮೆಷಿನ್ ಇಟ್ಟುಕೊಂಡೆ, ಬೆರಳಿಗೆ ಕಚ್ಚಿಸಿದರೆ ಆಕ್ಸಿಜನ್ನೂ ನಾಡಿಯೂ ತೋರಿಸುತ್ತದಲ್ಲ, ಅದು. ನಾನು ಕೈ ಚಾಚಿದರೆ ಸಾಕು, ಇವರು ಶಾಲೆಯಲ್ಲಿ ಉಗುರು ತೋರಿಸುವ ಹುಡುಗನ ಹಾಗೆ ಬೆರಳು ಮುಂದೆ ಮಾಡುತ್ತಿದ್ದರು.

ಕಳೆದ ಫೆಬ್ರವರಿಯಲ್ಲಿ ನಮ್ಮ ಬಿಲ್ಡಿಂಗಿನ ಲಿಫ್ಟ್ ಹಾಳಾಯಿತು. ನಾವಿರುವುದು ಆರನೆಯ ಮಹಡಿಯಲ್ಲಿ. ಇವರು ಮಿರ್ಕಾಬಿನ ಆಫೀಸಿನಿಂದ ನಾಲ್ಕು ಗಂಟೆಗೇ ಬಂದಿದ್ದರು. ನಾನು ಡ್ಯೂಟಿ ಮುಗಿಸಿ ಏಳಕ್ಕೆ ಬರುವಾಗ ಕೆಳಗೆ ಹಾರಿಸ್‌ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಹಾರಿಸ್ ಎಂದರೆ ಬಿಲ್ಡಿಂಗಿನ ಕಾವಲುಗಾರ, ಈಜಿಪ್ಟಿನ ಮುದುಕ. ಇಬ್ಬರ ನಡುವೆ ಚಾದ ಗ್ಲಾಸುಗಳು, ನೆಲದ ಮೇಲೆ ಸೂರ್ಯಕಾಂತಿ ಬೀಜದ ಸಿಪ್ಪೆಯ ರಾಶಿ. ಮೂರು ಗಂಟೆ ಹೊತ್ತು ಕೂತಿದ್ದರಂತೆ. ನನಗೆ ಮೈಯೆಲ್ಲ ಉರಿಯಿತು.

"ಆರು ಮಹಡಿ. ಡಾಕ್ಟರು ಹತ್ಬಹುದು ಅಂದು ವರ್ಷವೇ ಕಳೀತು. ನಾಚಿಕೆ ಆಗುವುದಿಲ್ವಾ?" ಎಂದೆ.

ಇವರು ಹಾರಿಸ್‌ನ ಮುಖ ನೋಡಿ ನಕ್ಕರು. ಅಷ್ಟರಲ್ಲಿ ಲಿಫ್ಟ್ ರಿಪೇರಿಯಾಗಿತ್ತು. ಅದರಲ್ಲೇ ಮೇಲೆ ಹೋದೆವು. ಆರನೆಯ ಮಹಡಿ ಬರುವ ಮೊದಲೇ ನಾನು ಒಂದು ನಿರ್ಧಾರಕ್ಕೆ ಬಂದಿದ್ದೆ. ಈ ಮನುಷ್ಯನನ್ನು ಗುಡ್ಡ ಹತ್ತಿಸಬೇಕು.

ಕುವೈತಿನಲ್ಲಿ ಗುಡ್ಡ ಎಲ್ಲಿಂದ ತರುವುದು? ಈ ಊರು ದೋಸೆ ಕಾವಲಿಯ ಹಾಗೆ ಚಪ್ಪಟೆ, ಬೇಸಿಗೆಯಲ್ಲಿ ಬಿಸಿಯೂ ಅಷ್ಟೇ. ಇವರ ಆಫೀಸಿನವರು ಈದ್ ರಜೆಗೆ ಅರ್ಮೇನಿಯಾ, ಜಾರ್ಜಿಯಾ ಎಂದು ಹೋಗಿ ಬರುತ್ತಿದ್ದರು. ಒಂದು ಟ್ರಾವೆಲ್ಸಿನ ಪಟ್ಟಿಯಲ್ಲಿ ಕಣ್ಣಿಗೆ ಬಿತ್ತು: ಅರ್ಮೇನಿಯಾದಲ್ಲಿ ಆರಿಹೋದ ಜ್ವಾಲಾಮುಖಿ, ಹೊಸಬರಿಗೆ ಸೂಕ್ತ, ಗೈಡ್ ಸಮೇತ. ಬೆಟ್ಟದ ಹೆಸರು ಇವತ್ತಿಗೂ ನನ್ನ ಬಾಯಿಯಲ್ಲಿ ಸರಿಯಾಗಿ ನಿಲ್ಲುವುದಿಲ್ಲ. ಮೊದಲು ಹೃದಯದ ಡಾಕ್ಟರ ಹತ್ತಿರ ಹೋದೆ. ಅವರು ಇವರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, ಕಾಗದ ನೋಡಿ, "ಗೈಡ್ ಜೊತೆ, ನಿಧಾನವಾಗಿ, ಧಾರಾಳವಾಗಿ ಹೋಗಿ," ಎಂದು ಪತ್ರ ಬರೆದುಕೊಟ್ಟರು.

ಇವರು ಟಿಕೆಟನ್ನು ತಿರುಗಿಸಿ ತಿರುಗಿಸಿ ನೋಡಿದರು. "ಜ್ವಾಲಾಮುಖಿಗೆ ಅಷ್ಟು ದೂರ ಯಾಕೆ ಮಾರಾಯ್ತಿ? ಜೂನಲ್ಲಿ ನಮ್ಮ ಟೆರೇಸಿಗೆ ಹತ್ತಿದ್ರೆ ಸಾಕಲ್ಲ."

"ಟೆರೇಸಿಗೂ ಹತ್ತುವುದುಂಟು. ನಾಳೆಯಿಂದಲೇ," ಎಂದೆ.

ಹೀಗೆ ನಮ್ಮ ಅಭ್ಯಾಸ ಶುರುವಾಯಿತು. ಬಿಲ್ಡಿಂಗಿಗೆ ಹನ್ನೆರಡು ಮಹಡಿ. ಮೆಟ್ಟಿಲುಗಳನ್ನು ಕಟ್ಟಿದ ಮೇಲೆ ಯಾರೂ ಬಳಸಿದ ಹಾಗಿರಲಿಲ್ಲ. ಎರಡನೆಯ ಮಹಡಿಯಲ್ಲಿ ಯಾರದೋ ಕಾಲು ಮುರಿದ ಸೋಫಾ, ಐದನೆಯದರಲ್ಲಿ ಮಕ್ಕಳ ಸೈಕಲ್ಲು, ಎಂಟರಲ್ಲಿ ಒಣಮೀನು ಹುರಿಯುವ ಪರಿಮಳ. ಆ ಪರಿಮಳ ಬಂದಾಗ ಮಾತ್ರ ಇವರ ಹೆಜ್ಜೆ ತಾನಾಗಿ ನಿಧಾನವಾಗುತ್ತಿತ್ತು. ನಾನು ಪ್ರತಿ ಮಹಡಿಯಲ್ಲೂ ನಿಲ್ಲಿಸಿ ಬೆರಳಿಗೆ ಮೆಷಿನ್ ಕಚ್ಚಿಸುತ್ತಿದ್ದೆ. ಮೊದಲ ವಾರ ಹಾರಿಸ್ ನಮ್ಮನ್ನು ಮೆಟ್ಟಿಲಲ್ಲಿ ಕಂಡಾಗಲೆಲ್ಲ ಗಾಬರಿಯಾಗಿ, "ಲಿಫ್ಟ್ ಖರ್ಬಾನ್?" ಎಂದು ಕೇಳುತ್ತಿದ್ದ. ಲಿಫ್ಟ್ ಕೆಟ್ಟಿದೆಯಾ ಎಂದು. "ಮಾಫಿ ಖರ್ಬಾನ್," ಎಂದು ನಾನು ಸಮಾಧಾನ ಹೇಳುತ್ತಿದ್ದೆ. ಕೆಡದ ಲಿಫ್ಟನ್ನು ಬಿಟ್ಟು ಮೆಟ್ಟಿಲು ಹತ್ತುವವರನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

ನನ್ನದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಹತ್ತುವುದು ಮೆಟ್ಟಿಲಿನಲ್ಲಿ, ಇಳಿಯುವುದು ಲಿಫ್ಟಿನಲ್ಲಿ. ಐವತ್ತು ದಾಟಿದವರು ಮೆಟ್ಟಿಲು ಇಳಿದು ಇಳಿದು ಮಂಡಿ ಸವೆಸಿಕೊಂಡು ಕ್ಲಿನಿಕ್ಕಿಗೆ ಬರುವುದನ್ನು ನಾನು ದಿನಾ ನೋಡುತ್ತೇನಲ್ಲ. ಆದ್ದರಿಂದ ಹನ್ನೆರಡು ಮಹಡಿ ಹತ್ತುವುದು, ಲಿಫ್ಟಿನಲ್ಲಿ ಇಳಿಯುವುದು, ಇನ್ನೊಮ್ಮೆ ಹನ್ನೆರಡು ಹತ್ತುವುದು, ಲಿಫ್ಟಿನಲ್ಲಿ ಮನೆಗೆ. ಮೂರು ತಿಂಗಳು ಒಂದು ಸಂಜೆಯೂ ತಪ್ಪಿಸಲಿಲ್ಲ. ಲಿಫ್ಟಿನ ಕನ್ನಡಿಯಲ್ಲಿ ಇಬ್ಬರ ಕೆಂಪು ಮುಖ ನೋಡಿ ನನಗೆ ಹೆಮ್ಮೆಯಾಗುತ್ತಿತ್ತು.

ಅರ್ಮೇನಿಯಾದಲ್ಲಿ ನಮ್ಮ ಗೈಡ್ ಒಬ್ಬ ಹೆಂಗಸು. ಐವತ್ತರ ಆಸುಪಾಸು, ಗಿಡ್ಡ ಆಳು, ಕೆನ್ನೆಯೆಲ್ಲ ಬಿಸಿಲಿಗೆ ಸುಟ್ಟಿತ್ತು. ಬೆಟ್ಟದ ಬುಡದಲ್ಲಿ ಜೀಪಿನಿಂದ ಇಳಿದ ಕೂಡಲೇ ಡಾಕ್ಟರ ಪತ್ರವನ್ನು ಎರಡು ಸಲ ಓದಿದಳು. ನಮ್ಮ ಶೂಗಳ ಅಡಿಭಾಗ ತಿರುವಿ ನೋಡಿದಳು. ನೀರು, ಮಾತ್ರೆ, ಜಾಕೆಟ್ ಎಲ್ಲಿದೆ ಎಂದು ತೆಗೆಸಿ ತೋರಿಸಿಕೊಂಡಳು, ಇಬ್ಬರ ಕೈಗೂ ಒಂದೊಂದು ಕೋಲು ಕೊಟ್ಟಳು. ಆಮೇಲೆ ತನ್ನ ನಿಯಮ ಹೇಳಿದಳು. ತಾನು ಮುಂದೆ. ತನ್ನ ಹಿಂದೆಯೇ ಇವರು. ಇವರ ಹಿಂದೆ ನಾನು. ಯಾರೂ ಯಾರನ್ನೂ ದಾಟಬಾರದು. ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲಿದ್ದರೂ ಹಿಂದಿರುಗುವುದು, ಏಕೆಂದರೆ ಆಮೇಲೆ ಮೋಡ ಬರುತ್ತದೆ.

"ದಾರಿಯುದ್ದಕ್ಕೂ ನೀವು ಮಾತಾಡ್ತಾ ಇರಬೇಕು," ಎಂದು ಇವರಿಗೆ ಹೇಳಿದಳು. "ಒಂದು ವಾಕ್ಯ ಪೂರ್ತಿ ಮಾಡಲು ಉಸಿರು ಸಾಲದಿದ್ದರೆ ನಾವು ನಿಲ್ಲೋಣ."

ನಾನು ಬ್ಯಾಗಿನಿಂದ ಮೆಷಿನ್ ತೆಗೆದು ತೋರಿಸಿದೆ. ಆಕೆ ಅದನ್ನು ನೋಡಿ, "ಒಳ್ಳೆಯದು, ಇರಲಿ. ಮೇಲೆ ಹೋದ ಮೇಲೆ ಒಮ್ಮೆ ನೋಡೋಣ. ಈಗ ಕಿವಿ ಸಾಕು," ಎಂದಳು. ನನ್ನ ಹತ್ತೊಂಬತ್ತು ವರ್ಷದ ಸರ್ವಿಸ್ಸಿಗೆ ಸ್ವಲ್ಪ ಅವಮಾನವಾದ ಹಾಗಾಯಿತು.

ಮೊದಲು ಹುಲ್ಲು, ಹಳದಿ ಹೂವು. ಆಮೇಲೆ ಬೆಟ್ಟ ಕೆಂಪಾಯಿತು. ಇಟ್ಟಿಗೆ ಪುಡಿ ಸುರುವಿದ ಹಾಗೆ ಸಣ್ಣ ಕಲ್ಲು, ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಜಾರುವುದು. ಒಂದನ್ನು ಕೈಗೆತ್ತಿಕೊಂಡರೆ ಭಾರವೇ ಇಲ್ಲ, ಮೈತುಂಬ ತೂತು. ಭೂಮಿಯ ಹೊಟ್ಟೆಯಿಂದ ಕುದಿಯುತ್ತ ಹಾರಿ ಬಂದು ಗಾಳಿಯಲ್ಲೇ ಆರಿದ ಕಲ್ಲು ಅದು ಎಂದು ಗೈಡ್ ಹೇಳಿದಳು. ಆದರೆ ನನಗೆ ಬೆಟ್ಟ ನೋಡುವ ವ್ಯವಧಾನ ಎಲ್ಲಿತ್ತು? ಮುಂದೆ ಎರಡೇ ಹೆಜ್ಜೆ ದೂರದಲ್ಲಿ ಆ ಹಳೆಯ ಬೆನ್ನು. ಅದನ್ನೇ ನೋಡುತ್ತ, ಇವರ ಮಾತಿನ ನಡುವೆ ಉಸಿರು ಎಲ್ಲಿ ತುಂಡಾಗುತ್ತದೆ ಎಂದು ಕಾಯುತ್ತ ನಡೆದೆ.

ಎಲ್ಲೂ ತುಂಡಾಗಲಿಲ್ಲ. ಎರಡು ವರ್ಷದಿಂದ ಹೂಂ, ಹಾಂ ಎಂದಷ್ಟೇ ಇದ್ದ ಮನುಷ್ಯ ಕಟ್ಟೆ ಒಡೆದ ಹಾಗೆ ಮಾತಾಡಿದರು. ತಮ್ಮ ಆಫೀಸಿನ ಮುದೀರ್ ಹನ್ನೆರಡು ವರ್ಷದಿಂದ ತಮ್ಮನ್ನು ಹಿಂದೆ ಆ ಕುರ್ಚಿಯಲ್ಲಿದ್ದವನ ಹೆಸರಿನಿಂದಲೇ ಕರೆಯುತ್ತಿರುವುದನ್ನೂ, ತಾವು ಇವತ್ತಿಗೂ ಅದಕ್ಕೆ ಓಗೊಡುತ್ತಿರುವುದನ್ನೂ ಹೇಳಿದರು. ಬಂಗುಡೆ ಮೀನಿನ ಗಸಿ ಮಾಡುವ ಕ್ರಮವನ್ನು ಹುಣಸೆಹುಳಿ ನೆನೆಸುವುದರಿಂದ ಹಿಡಿದು ವಿವರಿಸಿದರು. ಗೈಡಿಗೆ ಬಂಗುಡೆ ಎಂದರೇನೆಂದು ಗೊತ್ತಿರಲಿಲ್ಲ, ಆದರೂ ತಲೆಯಾಡಿಸಿದಳು. ಒಂದು ತಿರುವಿನಲ್ಲಿ ಆಕೆ ನಿಂತು ನನ್ನ ಕಡೆ ನೋಡಿ, "ನೀವು ಯಾಕೆ ಮಾತಾಡುತ್ತಿಲ್ಲ?" ಎಂದು ಕೇಳಿದಳು.

"ಕೇಳ್ತಾ ಇದ್ದೇನೆ," ಎಂದೆ. ಆ ಎರಡು ಪದ ಹೇಳುವಷ್ಟರಲ್ಲಿ ನನಗೆ ಎರಡು ಸಲ ಉಸಿರು ಬೇಕಾಯಿತು. ಆಕೆ ಎಲ್ಲರನ್ನೂ ಐದು ನಿಮಿಷ ಕೂರಿಸಿದಳು.

ಹನ್ನೊಂದು ಗಂಟೆಗೆ ತುದಿ ಮುಟ್ಟಿದೆವು. ತುದಿಯೆಂದರೆ ಒಂದು ದೊಡ್ಡ ಬಟ್ಟಲಿನ ಅಂಚು. ಒಳಗೆ ತಳದಲ್ಲಿ ಪುಟ್ಟ ಕೆರೆ, ಆಚೆ ಅಂಚಿನಲ್ಲಿ ನಾಲ್ಕು ಜನ ಹಿಡಿಸದಷ್ಟು ಸಣ್ಣ ಕಲ್ಲಿನ ಇಗರ್ಜಿ. ಅಂಚಿನಿಂದ ಮೂರು ಹೆಜ್ಜೆ ಹಿಂದೆಯೇ ಗೈಡ್ ನಮ್ಮನ್ನು ಕೂರಿಸಿದಳು. ನಾನು ಅಭ್ಯಾಸದಂತೆ ಮೆಷಿನ್ ತೆಗೆದು ಇವರ ಬೆರಳಿಗೆ ಹಾಕಿದೆ. ಆಕ್ಸಿಜನ್ ಚೆನ್ನಾಗಿಯೇ ಇತ್ತು. ಇವರು ಅದನ್ನು ಮೆಲ್ಲಗೆ ತೆಗೆದು ನನ್ನ ಬೆರಳಿಗೆ ಕಚ್ಚಿಸಿದರು.

"ನೋಡು. ನನ್ನದಕ್ಕಿಂತ ನಿನ್ನದೇ ಮೂರು ಕಡಿಮೆ," ಎಂದರು.

"ನನ್ನ ಉಗುರಿಗೆ ಬಣ್ಣ ಉಂಟು. ಅದಕ್ಕೆ ತಪ್ಪು ತೋರಿಸ್ತದೆ," ಎಂದೆ.

"ಬಣ್ಣ ಎಲ್ಲುಂಟು?" ಎಂದರು. ಇರಲಿಲ್ಲ.

ಪಡುವಣದಲ್ಲಿ ಮೋಡ ಸೇರುತ್ತಿದೆ ಎಂದು ಗೈಡ್ ಹದಿನೈದೇ ನಿಮಿಷದಲ್ಲಿ ಎಬ್ಬಿಸಿದಳು. ಆಗ ನೋಡಿ ಶುರುವಾಯಿತು ನನ್ನ ಕಥೆ. ಐವತ್ತು ಹೆಜ್ಜೆ ಇಳಿದಿರಲಿಕ್ಕಿಲ್ಲ, ಮಂಡಿಗಳೆರಡೂ ಗಡಗಡ ನಡುಗತೊಡಗಿದವು. ಕಾಲು ಇಡಲು ಹೋದರೆ ಕಲ್ಲು ಜಾರುವುದು, ತಡೆಯಲು ಹೋದರೆ ತೊಡೆ ಕೇಳುವುದಿಲ್ಲ. ಎರಡು ಸಲ ದೊಪ್ಪನೆ ಕೂತುಬಿಟ್ಟೆ. ಮೂರನೆಯ ಸಲ ಕೂತವಳಿಗೆ ಏಳಲಿಕ್ಕೇ ಆಗಲಿಲ್ಲ. ಗೈಡ್ ಹತ್ತಿರ ಬಂದು ನನ್ನ ಮಂಡಿ ಮುಟ್ಟಿ ನೋಡಿದಳು.

"ಅಭ್ಯಾಸ ಮಾಡಿದ್ದೀರಿ ಅಂದಿದ್ದಿರಿ?"

"ಮೂರು ತಿಂಗಳು ಮಾಡಿದ್ದೇವೆ. ದಿನಕ್ಕೆ ಇಪ್ಪತ್ತನಾಲ್ಕು ಮಹಡಿ."

"ಇಳಿದದ್ದು ಹೇಗೆ?"

ನಾನು ಶೂವಿನ ಲೇಸು ಬಿಗಿಯತೊಡಗಿದೆ. "ಲಿಫ್ಟಿನಲ್ಲಿ," ಎಂದರು ಇವರು.

ಆಕೆ ಬೆಟ್ಟವನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. "ಇಲ್ಲಿ ಇನ್ನೂ ಹಾಕಿಲ್ಲ," ಎಂದಳು, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ.

ಆಮೇಲೆ ಹೊಸ ವ್ಯವಸ್ಥೆಯಾಯಿತು. ಇವರು ನನ್ನಿಂದ ಒಂದೇ ಹೆಜ್ಜೆ ಕೆಳಗೆ ನಿಲ್ಲಬೇಕು, ನಾನು ಇವರ ಹೆಗಲ ಮೇಲೆ ಕೈ ಇಡಬೇಕು. ಗೈಡ್ ಕೆಳಗಿನಿಂದ ಎಲ್ಲಿ ಕಾಲಿಡಬೇಕೆಂದು ಕೋಲಿನಿಂದ ತೋರಿಸುತ್ತಾಳೆ. ಹಿಮ್ಮಡಿ ಊರಿ, ಸಣ್ಣ ಹೆಜ್ಜೆ, ಅವಸರವಿಲ್ಲ. ಹಾಗೆ ಹೊರಟೆವು. ಇವರು ಆ ಜಾರುವ ಕಲ್ಲಿನ ಮೇಲೆ ಆಡಿನ ಹಾಗೆ ಇಳಿಯುತ್ತಿದ್ದರು. ಹೆಗಲು ಅಲ್ಲಾಡುತ್ತಲೇ ಇರಲಿಲ್ಲ. ನನಗೆ ಅನುಮಾನ ಬಂತು.

"ನೀವೂ ಲಿಫ್ಟಿನಲ್ಲೇ ಅಲ್ವಾ ಇಳಿದದ್ದು? ನಿಮಗೆ ಹೇಗೆ ಆಗ್ತದೆ?"

ಇವರು ಒಂದು ಕಲ್ಲನ್ನು ಕಾಲಿನಿಂದ ಬದಿಗೆ ಸರಿಸಿದರು. ಆಮೇಲೆ, "ಸಂಜೆ ಲಿಫ್ಟಿನಲ್ಲಿ. ಬೆಳಿಗ್ಗೆ ಮೆಟ್ಟಿಲಿನಲ್ಲಿ," ಎಂದರು.

"ಯಾವ ಬೆಳಿಗ್ಗೆ?"

"ನೀನು ಡ್ಯೂಟಿಗೆ ಹೋದ ಮೇಲೆ. ಆರು ಮಹಡಿ ಇಳಿಯುವುದು, ಹತ್ತುವುದು, ಮತ್ತೊಮ್ಮೆ ಇಳಿದು ಆಫೀಸಿಗೆ ಹೋಗುವುದು. ವರ್ಷದ ಮೇಲಾಯ್ತು. ಬೇಕಾದ್ರೆ ಹಾರಿಸ್‌ನ ಹತ್ರ ಕೇಳು."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ರಜೆ ಹಾಕಿ ಮೆಷಿನ್ ಹಿಡ್ಕೊಂಡು ಹಿಂದೆ ಬರ್ತಿದ್ದೆ."

ನಾನು ಬಿಡುವವಳಲ್ಲ. "ಹಾಗಾದ್ರೆ ಲಿಫ್ಟ್ ಹಾಳಾದ ದಿನ ಮೂರು ಗಂಟೆ ಕೆಳಗೆ ಕೂತದ್ದು ಎಂತಕ್ಕೆ?"

"ಕೂತ್ಕೊಳ್ಳಿ ಅಂದದ್ದೇ ನೀನು," ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಫೋನ್ ಮಾಡಿ, ಲಿಫ್ಟ್ ಇಲ್ಲ, ಹತ್ತಿ ಹೋಗ್ತೇನೆ ಅಂದೆ. ಒಂದು ಮೆಟ್ಟಿಲೂ ಹತ್ಬೇಡಿ, ನಾನು ಬರುವ ತನಕ ಅಲ್ಲೇ ಕೂತಿರಿ ಅಂತ ಕಿರುಚಿದ್ದು ಯಾರು?"

ಈ ಫೋನಿನ ವಿಷಯವನ್ನು ಮೇಲೆ ಬರೆಯುವಾಗ ನಾನು ಬಿಟ್ಟುಬಿಟ್ಟಿದ್ದೆ. ಸುಳ್ಳು ಹೇಳಬೇಕೆಂದಲ್ಲ, ಆ ದಿನದಿಂದ ನಾನು ನೆನಪಿಟ್ಟುಕೊಂಡದ್ದೇ ಹಾಗೆ. ಮನೆಗೆ ಬಂದು ಬೈದದ್ದು ನೆನಪಿತ್ತು. ಕ್ಲಿನಿಕ್ಕಿನ ಔಷಧಿ ಕೋಣೆಯಲ್ಲಿ ನಿಂತು ಫೋನಿನಲ್ಲಿ ಕಿರುಚಿದ್ದು, ಆಮೇಲೆ ಒಂದು ಇಂಜೆಕ್ಷನ್ ತುಂಬಿಸಲೂ ಆಗದೆ ಬೇರೆ ನರ್ಸನ್ನು ಕರೆದದ್ದು ಮರೆತೇ ಹೋಗಿತ್ತು. ಅಥವಾ ಮರೆತ ಹಾಗೆ ಮಾಡಿದ್ದೆ.

"ಮತ್ತೆ ಮಾಲಿನಲ್ಲಿ ಕಂಬದ ಹತ್ರ ನಿಲ್ಲುವುದು?" ಎಂದು ಕೇಳಿದೆ.

"ಮುಂದೆ ಹೋದ್ರೆ ನೀನು ಓಡಿ ಬರ್ತಿ ಮಾರಾಯ್ತಿ. ಆಸ್ಪತ್ರೆಯಿಂದ ಬಂದ ಮೇಲೆ ಒಮ್ಮೆ ಎಸ್ಕಲೇಟರಿನಲ್ಲಿ ನನ್ನ ಹಿಂದೆ ಓಡಿ ಬಿದ್ದಿಲ್ವಾ ನೀನು? ಹಿಂದೆ ಇದ್ರೆ ನಿನಗೆ ಮಂಡೆಬಿಸಿ ಕಡಿಮೆ ಅಂತ ಹಿಂದೆ ಉಳಿದೆ." ಒಂದು ಹೆಜ್ಜೆ ಇಟ್ಟು, ನನ್ನ ಕಾಲು ಬರುವವರೆಗೆ ಕಾದು, ಮತ್ತೆ ಹೇಳಿದರು: "ಸುರುವಿಗೆ ನನಗೂ ಹೆದರಿಕೆ ಇತ್ತು. ಎರಡು ತಿಂಗಳು. ಮತ್ತೆ ಹೋಯ್ತು. ನಿನ್ನದು ಹೋಗ್ಲಿಲ್ಲ."

ನನಗೆ ಅಳು ಬಂತು. ಬೆನ್ನ ಹಿಂದೆ ಇದ್ದುದರಿಂದ ಇವರಿಗೆ ಕಾಣಲಿಲ್ಲ, ಅಷ್ಟೇ ಪುಣ್ಯ. ಎರಡು ವರ್ಷ ಗಂಡನ ಹೆದರಿಕೆಗೆ ಮದ್ದು ಮಾಡುತ್ತಿದ್ದೇನೆ ಎಂದುಕೊಂಡು ನಾನು ಅವರನ್ನು ಮಹಡಿ ಮಹಡಿಯಲ್ಲಿ ನಿಲ್ಲಿಸಿದ್ದೆ. ಅವರು ನನ್ನ ಹೆದರಿಕೆಗೆ ಮದ್ದು ಎಂದು ಬಾಯಿ ಮುಚ್ಚಿಕೊಂಡು ಬೆರಳು ಕೊಡುತ್ತ ನಿಂತಿದ್ದರು. ಹೆದರಿದವಳು ನಾನು. ಸ್ಟೆಂಟ್ ಹಾಕಿದ ದಿನ ಆಸ್ಪತ್ರೆಯ ಹಸಿರು ಪರದೆಯ ಹೊರಗೆ ಕೂತಿದ್ದ ಹೊತ್ತಿನಿಂದ ಒಂದು ದಿನವೂ ನನ್ನ ಹೆದರಿಕೆ ಇಳಿದಿರಲಿಲ್ಲ.

"ಯಾಕೆ ಮಾತಿಲ್ಲ?" ಎಂದಳು ಗೈಡ್ ಕೆಳಗಿನಿಂದ. "ಮಾತಾಡಿ, ಮಾತಾಡಿ."

"ಬಂಗುಡೆ ಗಸಿಗೆ ಕೊತ್ತಂಬರಿ ಹುರಿಯಬೇಕು. ನೀವು ಅದನ್ನು ಹೇಳಲೇ ಇಲ್ಲ," ಎಂದೆ ಇವರಿಗೆ. ಬೇರೇನೂ ಹೊಳೆಯಲಿಲ್ಲ. ಇವರ ಹೆಗಲು ಆಗ ಮೊದಲ ಸಲ ಅಲ್ಲಾಡಿತು, ನಗುವಿಗೆ. ಜೀಪಿನ ಹತ್ತಿರ ತಲುಪುವಾಗ ಹನಿ ಬೀಳಲು ಶುರುವಾಗಿತ್ತು.

ಕುವೈತಿಗೆ ಬಂದ ಮೇಲೆ ಒಂದು ವಾರ ನಾನು ಏಡಿಯ ಹಾಗೆ ಅಡ್ಡಡ್ಡ ನಡೆದೆ. ಬಿಲ್ಡಿಂಗಿನ ಬಾಗಿಲಿನ ಮೂರೇ ಮೂರು ಮೆಟ್ಟಿಲನ್ನು ಕಂಬಿ ಹಿಡಿದು ಇಳಿಯುವುದನ್ನು ಹಾರಿಸ್ ಬಹಳ ಹೊತ್ತು ನೋಡಿದ. "ಲಿಫ್ಟ್ ಮಾಫಿ ಖರ್ಬಾನ್," ಎಂದ ಇವರ ಕಡೆ ತಿರುಗಿ. "ಮದಾಮ್ ಖರ್ಬಾನ್." ಇವರಿಬ್ಬರೂ ಹಳೆಯ ಕಳ್ಳರ ಹಾಗೆ ನಕ್ಕರು.

ಆ ಶುಕ್ರವಾರ ಸಾಮಾನಿಗೆ ಮಾಲಿಗೆ ಹೋದೆವು. ಒಳಗೆ ಹೋದ ಕೂಡಲೇ ಇವರು ವಾಡಿಕೆಯಂತೆ ಹಿಂದೆ ಉಳಿದರು.

"ನೀವು ಮುಂದೆ ಹೋಗಿ. ನನ್ನ ಮಂಡಿ ನೋಯ್ತದೆ, ನಾನು ನಿಧಾನಕ್ಕೆ ಬರ್ತೇನೆ," ಎಂದೆ.

"ಖಂಡಿತ?"

"ಹೋಗಿ ಮಾರಾಯ್ರೇ."

ಮೂರು ಹೆಜ್ಜೆ ಹೋಗಿ ತಿರುಗಿ ನೋಡಿದರು. ಐದು ಹೆಜ್ಜೆ ಹೋಗಿ ಇನ್ನೊಮ್ಮೆ. ಚಪ್ಪಲಿ ಅಂಗಡಿ ದಾಟಿದ ಮೇಲೆ ತಿರುಗಲಿಲ್ಲ. ನಾನು ಎಣಿಸಿದೆ, ಹತ್ತು ಹೆಜ್ಜೆ ಸರಿಯಾಗಿ ಇತ್ತು. ಆಮೇಲೆ ಹದಿನೈದಾಯಿತು. ಕೈ ತಾನಾಗಿ ಬ್ಯಾಗಿನೊಳಗೆ ಹೋಯಿತು. ಮೆಷಿನ್ ಇರಲಿಲ್ಲ, ಬೆಳಿಗ್ಗೆ ನಾನೇ ಅದನ್ನು ಅಡುಗೆಮನೆಯ ಡ್ರಾಯರಿನಲ್ಲಿ ಇಟ್ಟು ಬಂದಿದ್ದೆ. ನೀಲಿ ಗೆರೆಯ ಬೆನ್ನು ಜನರ ನಡುವೆ ಮರೆಯಾಯಿತು. ಒಂದು ಪಾತ್ರೆ ಅಂಗಡಿಯ ಗಾಜಿನ ಮುಂದೆ ನಿಂತೆ, ಒಳಗಿದ್ದ ಒಂದು ಪಾತ್ರೆಯೂ ಕಣ್ಣಿಗೆ ಕಾಣಲಿಲ್ಲ.

ಫೋನ್ ಬಂತು. "ಎಲ್ಲಿದ್ದಿ ಮಾರಾಯ್ತಿ? ನಾನು ತರಕಾರಿ ಹತ್ರ ಬಂದಾಯ್ತು."

"ಬರ್ತಾ ಇದ್ದೇನೆ. ನೀವು ಅಲ್ಲೇ..." ಎಂದು ಶುರು ಮಾಡಿದವಳು ಅಷ್ಟಕ್ಕೇ ನಿಲ್ಲಿಸಿದೆ.

"ಅಲ್ಲೇ ಎಂತ? ಕೂತ್ಕೊಳ್ಬೇಕಾ?"

"ಬೇಡ," ಎಂದೆ. "ಮುಂದೆ ಹೋಗ್ತಾ ಇರಿ."